ವಕೀಲರಿಗೂ ಬೇಕು ಸ್ವಾಧ್ಯಾಯ



ವ್ಯಾಪಾರಸ್ಥರಾದ ನಮಗೆ ಬೇಡವೆಂದರೂ ಮೂವರ ಬಾಗಿಲು ತಪ್ಪಿದ್ದಲ್ಲ. ಒಬ್ಬರು ಡಾಕ್ಟರು, ಇನ್ನೊಬ್ಬರು ಲೆಕ್ಕ ತಪಾಸಣೆ ಮಾಡುವ ಸಿ.ಎ., ಮೂರನೆಯವರು ವಕೀಲರು. ಮೂವರದೂ ಕಲಿತ ವಿದ್ಯೆಯ ಮೇಲೆ ನಡೆಯುವ ಉದ್ಯೋಗ. ಡಾಕ್ಟರರು ಐದು ವರ್ಷಕ್ಕೊಮ್ಮೆ ಕನಿಷ್ಠ 30 ತಾಸು ಹೊಸ ವಿದ್ಯೆಯ ಪಾಠಕ್ಕೆ ಕೂಡ್ರಬೇಕೆಂದು 2002ರ ವೈದ್ಯಕೀಯ ನಿಯಮಾವಳಿ ಹೇಳುತ್ತದೆ. ಸ್ವಂತ ಕಚೇರಿ ನಡೆಸುವ, 60 ವರ್ಷದೊಳಗಿನ ಸಿ.ಎ.ಗಳಿಗೆ ಮೂರು ವರ್ಷದಲ್ಲಿ 120 ತಾಸಿನ ಲೆಕ್ಕ ಒಪ್ಪಿಸುವ ಕಟ್ಟಳೆ ಇದೆ. ಆದರೆ ನಮ್ಮ ಮನೆ, ಹೊಲ, ಅಂಗಡಿ, ಮಾನ ಎಲ್ಲವನ್ನೂ ಕೈಗೊಪ್ಪಿಸುವ ವಕೀಲರಿಗೆ? ಸನ್ನದು ಕೈಗೆ ಬಂದ ದಿನದಿಂದ ಕಪ್ಪು ಕೋಟು ಕಳಚಿಡುವ ದಿನದವರೆಗೆ ಒಂದು ತಾಸಿನ ಕಡ್ಡಾಯವೂ ಇಲ್ಲ. ಈ ತಿಂಗಳು ಇದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಮ್ಯಾಟ್ರಿಕ್ ಆದ ಕೂಡಲೇ ಹಿರಿಯರು ಅಂಗಡಿಯ ಗಾದಿಯ ಮೇಲೆ ಕೂಡ್ರಿಸಿದವರು ನಾವು. ಕಾನೂನಿನ ಪಂಡಿತರಲ್ಲ. ಆದರೆ ಗಾದಿಯ ಮೇಲೆ ಕುಳಿತರೂ ಓದು ನಮ್ಮನ್ನು ಬಿಡಲಿಲ್ಲ. ಮಾರಾಟ ತೆರಿಗೆ ಹೋಗಿ ವ್ಯಾಟ್ ಬಂತು. ವ್ಯಾಟ್ ಹೋಗಿ 2017ರ ಜುಲೈ 1ರಂದು ಜಿ.ಎಸ್.ಟಿ. ಬಂತು, ಕೆಂಪು ವಹಿ ಹೋಗಿ ಕಂಪ್ಯೂಟರ್ ಬಂತು. ಕಲಿತವರ ಅಂಗಡಿ ಉಳಿಯಿತು, ಕಲಿಯದವರದು ಮುಚ್ಚಿತು. ವ್ಯಾಪಾರಿ ಕಲಿಯದಿದ್ದರೆ ಅವನ ಗಂಟೇ ಹೋಗುತ್ತದೆ. ವಕೀಲರು ಕಲಿಯದಿದ್ದರೆ ಹೋಗುವುದು ಕಕ್ಷಿದಾರನ ಗಂಟು. ವ್ಯತ್ಯಾಸ ಇಷ್ಟೇ, ಆದರೆ ಸಣ್ಣ ವ್ಯತ್ಯಾಸವಲ್ಲ.

ನಮ್ಮ ಪೇಟೆಯಲ್ಲೇ ನಡೆದ ಸಂಗತಿ ಕೇಳಿರಿ. ಒಬ್ಬ ಠೋಕ ವ್ಯಾಪಾರಿ 2022ರ ಜೂನ್ ತಿಂಗಳಲ್ಲಿ ಪರ ಊರಿನ ಅಂಗಡಿಗೆ ಸುಮಾರು ಆರು ಲಕ್ಷದ ಮಾಲನ್ನು ಉದ್ರಿ ಕೊಟ್ಟರು. ಹಣ ಬರಲಿಲ್ಲ. ಬಾಯಿ ಮಾತಿನಲ್ಲಿ ಎರಡೂವರೆ ವರ್ಷ ಕಳೆದು, 2025ರ ಆರಂಭದಲ್ಲಿ ದಾವೆ ಹಾಕಿದರು. ವಕೀಲರು ಮೂವತ್ತು ವರ್ಷ ದಿವಾಣಿ ಕೆಲಸ ಮಾಡಿದವರು, ಒಂದು ರೂಪಾಯಿಗೆ ಮೋಸ ಮಾಡಿದವರಲ್ಲ. ಹಿಂದೆ ನೂರು ದಾವೆ ಹಾಕಿದಂತೆಯೇ ಇದನ್ನೂ ಹಾಕಿದರು. ಆದರೆ 2018ರ ತಿದ್ದುಪಡಿಯಿಂದ 3 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ವ್ಯಾಪಾರದ ತಂಟೆಗಳು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಒಳಗೆ ಬಂದಿವೆ. ತುರ್ತು ತಡೆಯಾಜ್ಞೆ ಮುಂತಾದದ್ದು ಬೇಕಿಲ್ಲದ ದಾವೆಯಾದರೆ ಮೊದಲು ಮಧ್ಯಸ್ಥಿಕೆಗೆ ಹೋಗಬೇಕು, ಅಲ್ಲಿ ಬಗೆಹರಿಯದಿದ್ದರೆ ಮಾತ್ರ ಕೋರ್ಟಿಗೆ. ಇದು ಆ ಕಾಯ್ದೆಯ 12ಎ ಕಲಮು. ಇದು ಕಡ್ಡಾಯ, ಪಾಲಿಸದ ದಾವೆ ತಿರಸ್ಕೃತವಾಗಬೇಕು ಎಂದು ಸುಪ್ರೀಂ ಕೋರ್ಟು 2022ರ ಆಗಸ್ಟ್ 17ರಂದು ಪಾಟೀಲ್ ಆಟೊಮೇಶನ್ ಪ್ರಕರಣದಲ್ಲಿ ತೀರ್ಮಾನಿಸಿ, ಅದೇ ತಿಂಗಳ 20ರಿಂದ ಜಾರಿಗೆ ತಂದಿತು. ಎದುರು ಪಕ್ಷದ ತರುಣ ವಕೀಲನಿಗೆ ಇದು ಗೊತ್ತಿತ್ತು. ಒಂದು ಅರ್ಜಿ ಕೊಟ್ಟ. ವಾದಪತ್ರ ತಿರಸ್ಕಾರವಾಯಿತು. ಮತ್ತೆ ಹಾಕೋಣವೆಂದರೆ ಮೂರು ವರ್ಷದ ವಾಯಿದೆ ಅಷ್ಟರಲ್ಲಿ ಮುಗಿದಿತ್ತು. ಕೋರ್ಟಿನಲ್ಲಿ ಕಳೆದ ದಿನಗಳನ್ನು ವಾಯಿದೆಯ ಲೆಕ್ಕದಿಂದ ಬಿಡಬೇಕೆಂದು ಈಗ ಇನ್ನೊಂದು ವಾದ ನಡೆದಿದೆ. ಸಾಲಗಾರ ಮಾತ್ರ ಹಾಯಾಗಿದ್ದಾನೆ.

ಇಲ್ಲಿ ಯಾರೂ ಕೆಟ್ಟವರಲ್ಲ. ಪುಸ್ತಕ ಹಳತಾಗಿತ್ತು, ಅಷ್ಟೇ.

ನಮ್ಮ ಗಡಿ ಭಾಗದವರಿಗೆ ಈ ಅಪಾಯ ಒಂದು ಪಾಲು ಹೆಚ್ಚು. ಅಂಗಡಿ ಅಕ್ಕಲಕೋಟೆಯಲ್ಲಿ, ಗಿರಾಕಿ ಇಂಡಿಯಲ್ಲಿ. ಮನೆ ಜತ್ತದಲ್ಲಿ, ಹೊಲ ವಿಜಯಪುರ ಜಿಲ್ಲೆಯಲ್ಲಿ. ಚೆಕ್ ಬೌನ್ಸ್ ಆದರೆ ಫಿರ್ಯಾದಿ ಎಲ್ಲಿ ಕೊಡಬೇಕು? 2014ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಚೆಕ್ ಕೊಟ್ಟವನ ಬ್ಯಾಂಕು ಇರುವ ಊರಿನಲ್ಲಿಯೇ ಎಂದಿತು. ಇಲ್ಲಿನ ವ್ಯಾಪಾರಿ ಪ್ರತಿ ತಾರೀಖಿಗೆ ಗಡಿ ದಾಟಿ ಓಡಾಡಬೇಕಾಯಿತು. 2015ರಲ್ಲಿ ಸರಕಾರ ಕಾನೂನನ್ನೇ ತಿದ್ದಿ, ನಾವು ಚೆಕ್ಕನ್ನು ನಮ್ಮ ಖಾತೆಗೆ ತುಂಬಿದ್ದರೆ ನಮ್ಮ ಖಾತೆ ಇರುವ ಶಾಖೆಯ ಊರಿನ ಕೋರ್ಟೇ ಸಾಕು ಎಂದಿತು. ಒಂದು ವರ್ಷದೊಳಗೆ ಎರಡು ಸಲ ದಿಕ್ಕು ಬದಲು. ಭೂಮಿಯ ವಿಷಯದಲ್ಲಿಯೂ ಹಾಗೆಯೇ. ಸಾಗುವಳಿ ಮಾಡದವರು ಕೃಷಿ ಭೂಮಿ ಕೊಳ್ಳಲು ಅಡ್ಡಿಯಾಗಿದ್ದ 79ಎ, 79ಬಿ ಕಲಮುಗಳನ್ನು ಕರ್ನಾಟಕ 2020ರಲ್ಲಿ ತೆಗೆದುಹಾಕಿತು. ಮಹಾರಾಷ್ಟ್ರದ ಕಾನೂನು ಬೇರೆ, ಅದರ ಅಡ್ಡಿಗಳು ಬೇರೆ. ಎರಡೂ ಕಡೆಯ ಸುದ್ದಿ ತಿಳಿಯದ ವಕೀಲರ ಮಾತು ಕೇಳಿ ಖರೀದಿ ಪತ್ರ ಬರೆಸಿದರೆ ಕೊರಳಿಗೆ ಉರುಳು.

ಇನ್ನು ಮನೆಯೊಳಗಿನ ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆಂದು ಬಲ್ಲಿರಿ. ಕೂಡು ಕುಟುಂಬದ ಆಸ್ತಿಯಲ್ಲಿ ಹೆಣ್ಣು ಮಕ್ಕಳಿಗೆ ಗಂಡು ಮಕ್ಕಳ ಸಮಾನ ಹಕ್ಕು ಕೊಟ್ಟ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಬಂತು. ಆ ದಿನ ತಂದೆ ಜೀವಂತ ಇದ್ದರೆ ಮಾತ್ರ ಈ ಹಕ್ಕು ಎಂದು 2015ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಬಂತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಆ ದಿನ ಇರಬೇಕೆಂದಿಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿ ಆ ಮಾತನ್ನು ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ಕಾಯ್ದೆಶೀರ್ ಆದ ವಾಟ್ನಿಗಳಿಗೆ ಮಾತ್ರ ಧಕ್ಕೆ ಇಲ್ಲ. 2015ರ ತೀರ್ಪನ್ನೇ ಹಿಡಿದುಕೊಂಡ ವಕೀಲರು ಇವತ್ತು ಒಬ್ಬ ಮಗಳಿಗೆ “ನಿಮ್ಮ ತಂದೆಯವರು 2003ರಲ್ಲೇ ತೀರಿಕೊಂಡರಲ್ಲ, ನಿಮಗೇನೂ ಬರುವುದಿಲ್ಲ ತಂಗಿ” ಎಂದು ಹೇಳಿ ಕಳಿಸಿದರೆ ಆ ತಂಗಿ ನಂಬಿ ಮನೆಗೆ ಹೋಗುತ್ತಾಳೆ. ತನ್ನ ಪಾಲು ತಪ್ಪಿತೆಂಬುದು ಆಕೆಗೆ ಎಂದೂ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟ ನಷ್ಟ ಇದು, ಗೊತ್ತೇ ಆಗದ ನಷ್ಟ.

ನ್ಯಾಯಪೀಠದಲ್ಲಿ ಕುಳಿತವರಿಗೂ ಕಾಲು ಜಾರಬಹುದು. ಜೈನರಿಗೆ 2014ರ ಜನವರಿಯಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ಬಂದಿತಷ್ಟೆ. ಅದನ್ನು ಕಾರಣ ಮಾಡಿ, ಜೈನ ದಂಪತಿಗಳಿಗೆ ಹಿಂದೂ ವಿವಾಹ ಕಾಯ್ದೆ ಸಲ್ಲದೆಂದು ಇಂದೋರಿನ ಕೌಟುಂಬಿಕ ನ್ಯಾಯಾಲಯ 2025ರ ಫೆಬ್ರವರಿಯಲ್ಲಿ ಆದೇಶ ಮಾಡಿತು. ಕಾಯ್ದೆಯ 2ನೇ ಕಲಮಿನಲ್ಲಿ ಬೌದ್ಧ, ಜೈನ, ಸಿಖ್ಖರ ಹೆಸರು ಸ್ಪಷ್ಟವಾಗಿ ಇದೆ. ಮಧ್ಯಪ್ರದೇಶ ಹೈಕೋರ್ಟು ಮಾರ್ಚಿನಲ್ಲೇ ಆ ಆದೇಶವನ್ನು ರದ್ದು ಮಾಡಿತು. ಈ ಎರಡನೆಯ ಸುದ್ದಿ ಓದದೆ ಮೊದಲನೆಯದನ್ನಷ್ಟೇ ಓದಿದವರು ಸಮಾಜದಲ್ಲಿ ಎಷ್ಟು ಗಾಬರಿ ಹಬ್ಬಿಸಿದರೆಂಬುದು ಓದುಗರಿಗೆ ನೆನಪಿರಬಹುದು. ಅರೆ ಓದಿನ ಫಲ ಹೀಗಿರುತ್ತದೆ.

ಹಾಗಾದರೆ ಇದಕ್ಕೆ ಬೇರೆ ದೇಶದವರು ಏನು ಮಾಡಿದ್ದಾರೆ? ಅಮೆರಿಕದ ರೀತಿ ನಮಗೆ ತಿಳಿದದ್ದು ನ್ಯೂಯಾರ್ಕಿನಲ್ಲಿ ವಕೀಲಿ ಮಾಡುವ ನಮ್ಮ ಬೀಗರ ಮೊಮ್ಮಗಳಿಂದ. ತಮ್ಮನ ಮದುವೆಗೆ ಬಂದವಳು, ಅರಿಶಿಣ ಹಚ್ಚುವ ದಿನ ಮಧ್ಯಾಹ್ನ ಅಟ್ಟದ ಕೋಣೆಯಲ್ಲಿ ಕಂಪ್ಯೂಟರ್ ತೆರೆದು ಪಾಠ ಕೇಳುತ್ತ ಕುಳಿತಿದ್ದಳು. “ಇದೇನವ್ವಾ, ಇನ್ನೂ ಸಾಲೆ ಮುಗಿದಿಲ್ಲವೇ?” ಎಂದು ಕೇಳಿದೆವು. “ಕಾಕಾ, ನಮ್ಮ ಸಾಲೆ ಮುಗಿಯುವುದೇ ಇಲ್ಲ. ತಾಸು ತುಂಬದಿದ್ದರೆ ಸನ್ನದಿಗೆ ಸಂಚಕಾರ” ಎಂದಳು.

ಆಕೆಯಿಂದ ಕೇಳಿ, ಆಮೇಲೆ ಓದಿ ತಿಳಿದುಕೊಂಡದ್ದು ಇಷ್ಟು. ಕೋರ್ಟಿನಲ್ಲಿ ವಾದಿಸುವ ಅನೇಕ ವಕೀಲರಿಗೆ ತಕ್ಕ ತಯಾರಿ ಇಲ್ಲವೆಂದು ಆ ದೇಶದ ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ 1973ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. 1975ರಲ್ಲಿ ಮಿನಿಸೋಟಾ ಮತ್ತು ಅಯೋವಾ ರಾಜ್ಯಗಳು ಮೊಟ್ಟಮೊದಲು ವಕೀಲರಿಗೆ ನಿರಂತರ ಶಿಕ್ಷಣವನ್ನು ಕಡ್ಡಾಯ ಮಾಡಿದವು. ಈಗ ಬಹುಪಾಲು ರಾಜ್ಯಗಳಲ್ಲಿ ಈ ಕಟ್ಟಳೆ ಇದೆ. ಮಿನಿಸೋಟಾದಲ್ಲಿ ಮೂರು ವರ್ಷಕ್ಕೆ 45 ತಾಸು, ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷಕ್ಕೆ 25, ಟೆಕ್ಸಾಸ್‌ನಲ್ಲಿ ವರ್ಷಕ್ಕೆ 15. ನ್ಯೂಯಾರ್ಕಿನಲ್ಲಿ ಹಳೆಯ ವಕೀಲರಿಗೆ ಎರಡು ವರ್ಷಕ್ಕೆ 24 ತಾಸು. ಹೊಸದಾಗಿ ಸನ್ನದು ಪಡೆದವರಿಗೆ ಮೊದಲ ಎರಡು ವರ್ಷದಲ್ಲಿ 32. ಬರೀ ಕಾನೂನಿನ ಪಾಠವಷ್ಟೇ ಅಲ್ಲ. ಕಕ್ಷಿದಾರನ ಹಣ ಹೇಗೆ ಇಡಬೇಕು, ಗುಟ್ಟು ಹೇಗೆ ಕಾಯಬೇಕು ಎಂಬ ನೀತಿಯ ಪಾಠಕ್ಕೂ ಇಂತಿಷ್ಟು ತಾಸು ಮೀಸಲು. ಕಂಪ್ಯೂಟರಿನಲ್ಲಿರುವ ಕಕ್ಷಿದಾರರ ಕಾಗದಗಳು ಕಳವಾಗದಂತೆ ಕಾಯುವ ಬಗೆಗೆ ಒಂದು ತಾಸು ಕೇಳಲೇಬೇಕೆಂದು ನ್ಯೂಯಾರ್ಕು 2023ರಿಂದ ಸೇರಿಸಿದೆ. ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಒಪ್ಪಿಸದವರು, ಒಪ್ಪಿಸುವವರೆಗೆ ವಕೀಲಿ ಮಾಡುವಂತಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು, ಅನೇಕಾಂತವನ್ನು ಒಪ್ಪಿದವರು ನಾವು. ತಾಸು ತುಂಬಿಸುವುದಕ್ಕೆಂದೇ ಕುಳಿತು ತೂಕಡಿಸುವವರು ಅಲ್ಲಿಯೂ ಇದ್ದಾರೆ. ಪಾಠ ಹೇಳುವುದನ್ನೇ ಅಂಗಡಿ ಮಾಡಿಕೊಂಡವರೂ ಇದ್ದಾರೆ. ಮೆಸಾಚುಸೆಟ್ಸ್, ಮಿಶಿಗನ್, ಮೇರಿಲ್ಯಾಂಡ್ ರಾಜ್ಯಗಳು ಈ ತಾಸಿನ ಲೆಕ್ಕವನ್ನು ಇಟ್ಟುಕೊಂಡಿಲ್ಲ. ಇಂಗ್ಲೆಂಡಿನಲ್ಲಿ ಸಾಲಿಸಿಟರುಗಳಿಗೆ ವರ್ಷಕ್ಕೆ 16 ತಾಸಿನ ಕಟ್ಟಳೆ ಇತ್ತು. 2016ರ ನವೆಂಬರಿನಲ್ಲಿ ಅದನ್ನು ತೆಗೆದುಹಾಕಿದರು. ಈಗ ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಿಕೊಂಡು, ಎಲ್ಲಿ ಕೊರತೆ ಇದೆಯೋ ಅದನ್ನು ಕಲಿತು, ಹಾಗೆ ಮಾಡಿದ್ದೇವೆಂದು ವರ್ಷಕ್ಕೊಮ್ಮೆ ಬರೆದುಕೊಡಬೇಕು.

ನಮ್ಮ ಮಾತಿನಲ್ಲಿ ಹೇಳುವುದಾದರೆ ಅಮೆರಿಕದ್ದು ಮಣಿ ಎಣಿಸಿ ಮಾಡುವ ಜಪ, ಇಂಗ್ಲೆಂಡಿನದು ಪ್ರತಿಕ್ರಮಣ. ಜಪದಲ್ಲಿ ಮನಸ್ಸು ಎಲ್ಲೋ ಇದ್ದು ಬೆರಳು ಮಾತ್ರ ಓಡುವ ಅಪಾಯ ಇದೆ. ಪ್ರತಿಕ್ರಮಣ ಅದಕ್ಕಿಂತ ಹೆಚ್ಚಿನದು. ಆದರೆ ತನ್ನ ಕೊರತೆಯನ್ನು ತಾನೇ ಕಾಣುವಷ್ಟು ಪ್ರಾಮಾಣಿಕತೆ ಇದ್ದವರಿಗಷ್ಟೇ ಅದು ಫಲಿಸುತ್ತದೆ. ಎಳೆಯರಿಗೆ ಮೊದಲು ಮಣಿ ಕೊಟ್ಟೇ ಕಲಿಸುತ್ತೇವಲ್ಲವೇ?

ನಮ್ಮ ದೇಶದಲ್ಲಿ ಎರಡೂ ಇಲ್ಲ. 1961ರ ವಕೀಲರ ಕಾಯ್ದೆಯಂತೆ ಒಮ್ಮೆ ಪಟ್ಟಿಯಲ್ಲಿ ಹೆಸರು ಬಂದರೆ, ದುರ್ನಡತೆಗೆ ತೆಗೆದುಹಾಕದ ಹೊರತು ಅದು ಉಳಿಯುತ್ತದೆ. ಒಳಗೆ ಬರುವ ಬಾಗಿಲಿಗೆ ಮಾತ್ರ ಈಗ ಕಾವಲು ಇದೆ. 2011ರಿಂದ ಹೊಸ ವಕೀಲರಿಗೆ ಅಖಿಲ ಭಾರತ ಬಾರ್ ಪರೀಕ್ಷೆ ನಡೆಯುತ್ತಿದೆ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಫೆಬ್ರವರಿಯಲ್ಲಿ ಅದನ್ನು ಎತ್ತಿಹಿಡಿಯಿತು. 2015ರ ನಿಯಮಗಳಂತೆ ಪದವಿ ಪತ್ರ ಸಾಚಾ ಇದೆಯೇ, ನಿಜವಾಗಿ ವಕೀಲಿ ನಡೆಸುತ್ತಾರೆಯೇ ಎಂಬ ಪರಿಶೀಲನೆಯೂ ಉಂಟು. ಆದರೆ ಒಳಗೆ ಬಂದು ಇಪ್ಪತ್ತು ವರ್ಷವಾದ ಮೇಲೆ ಹೊಸದೇನು ಕಲಿತಿರಿ ಎಂದು ಕೇಳುವವರಿಲ್ಲ. ವಿಚಾರಗೋಷ್ಠಿ, ಉಪನ್ಯಾಸ ಏರ್ಪಡಿಸುವ ಅಧಿಕಾರ ಬಾರ್ ಕೌನ್ಸಿಲುಗಳಿಗೆ ಅದೇ ಕಾಯ್ದೆಯಲ್ಲಿ ಇದೆ. ಅಲ್ಲಲ್ಲಿ ಒಳ್ಳೆಯ ಕೆಲಸವೂ ನಡೆಯುತ್ತಿದೆ. ಕಾಸರಗೋಡು ಕಡೆಯ ಓದುಗರಿಗೆ ಕಾಞಂಗಾಡಿನ ಮೂಲದ, ಮಂಗಳೂರಿನಲ್ಲಿ ವಕೀಲಿ ಮಾಡಿ ಹೆಸರಾದ ಎಂ.ಕೆ. ನಂಬಿಯಾರರು ಗೊತ್ತು. ಅವರ ಹೆಸರಿನಲ್ಲಿ ಕೊಚ್ಚಿಯಲ್ಲಿ ವಕೀಲರ ನಿರಂತರ ಶಿಕ್ಷಣಕ್ಕೆಂದೇ ಒಂದು ಅಕಾಡೆಮಿ ಇದೆ. ಆದರೆ ಇಚ್ಛೆ ಇದ್ದವರು ಹೋಗುತ್ತಾರೆ, ಅಗತ್ಯ ಇದ್ದವರು ಹೋಗುವುದಿಲ್ಲ.

ಅಷ್ಟರಲ್ಲಿ ಕಾನೂನು ನಿಂತಿದೆಯೇ? 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಹೊಸ ಮೂರು ಬಂದವು. ಮೋಸಗಾರನಿಗೆ ನಾವು ಪೇಟೆಯಲ್ಲಿ ಅನ್ನುತ್ತಿದ್ದ “ನಾನೂರಿಪ್ಪತ್ತು” ಈಗ ಮುನ್ನೂರ ಹದಿನೆಂಟು ಆಗಿದೆ. ಬೈಗುಳಕ್ಕೆ ಹಳೆಯದೇ ಸಾಕು, ಫಿರ್ಯಾದಿಗೆ ಸಾಲದು. ಆ ದಿನಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯವಾದ್ದರಿಂದ ವಕೀಲರು ಎರಡನ್ನೂ ಬಲ್ಲವರಾಗಿರಬೇಕು. 1961ರ ಆದಾಯ ತೆರಿಗೆ ಕಾಯ್ದೆಗೆ ಬದಲಾಗಿ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ.

ವಕೀಲರ ಕಷ್ಟವನ್ನೂ ಹೇಳದಿದ್ದರೆ ತಪ್ಪಾದೀತು. ತಾಲೂಕಿನ ಕೋರ್ಟಿನ ತರುಣ ವಕೀಲನ ದಿನದ ಗಳಿಕೆ ಎಷ್ಟೆಂಬುದು ನಮಗೆ ಗೊತ್ತಿದೆ. ಬಾರ್ ಕೋಣೆಯ ಕಪಾಟಿನಲ್ಲಿ ಗೆದ್ದಲು ಹಿಡಿದ ಹಳೆಯ ವರದಿಗಳು. ಪುಣೆ, ಮುಂಬಯಿಯ ಪಾಠಕ್ಕೆ ಹೋಗಿ ಬರಲು ಎರಡು ದಿನದ ಕೆಲಸ ಕೆಡುತ್ತದೆ. ಅದರ ಮೇಲೆ ನಮ್ಮಂಥ ಕಕ್ಷಿದಾರರು ಫೀ ಕೊಡುವಾಗ ಸಂತೆಯ ಕಾಯಿಪಲ್ಯದಂತೆ ಚೌಕಾಶಿ ಮಾಡುತ್ತೇವೆ. ಓದಲು ಸಮಯ ಬೇಕು, ಆ ಸಮಯಕ್ಕೂ ಬೆಲೆ ಇದೆ. ಒಂದು ಅನುಕೂಲ ಮಾತ್ರ ಈಗ ಆಗಿದೆ. ಸುಪ್ರೀಂ ಕೋರ್ಟಿನ ತೀರ್ಪುಗಳು 2023ರ ಜನವರಿಯಿಂದ ಇ-ಎಸ್‌ಸಿಆರ್ ಎಂಬ ವ್ಯವಸ್ಥೆಯಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುತ್ತವೆ. ಕನ್ನಡ, ಮರಾಠಿ ಮುಂತಾದ ಭಾಷೆಗಳಿಗೆ ತರ್ಜುಮೆಯೂ ಆಗುತ್ತಿವೆ. ಪುಸ್ತಕ ದುಬಾರಿ ಎಂಬ ಮಾತಿಗೆ ಹಿಂದಿನ ಬಲ ಉಳಿದಿಲ್ಲ.

ನಮ್ಮ ಆಚಾರ್ಯರು ಸ್ವಾಧ್ಯಾಯವನ್ನು ಶ್ರಾವಕನ ಆರು ನಿತ್ಯಕರ್ಮಗಳಲ್ಲಿ ಒಂದೆಂದು ಇಟ್ಟರು. ಮುನಿಗಳಿಗೆ ಅದನ್ನು ಅಂತರಂಗದ ತಪಸ್ಸೆಂದರು. ಶಾಸ್ತ್ರ ಕಲಿತು ಮುಗಿಸಿದ ಮುನಿಗಳಿಗೂ ಅದರಿಂದ ಬಿಡುವು ಕೊಡಲಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಅದಕ್ಕೆ ಐದು ಅಂಗ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಧರ್ಮದ ಮಾತನ್ನು ಲೌಕಿಕಕ್ಕೆ ಎಳೆಯುತ್ತೇವೆಂದು ಯಾರೂ ಬೇಸರಿಸಬಾರದು. ಆದರೆ ವಿದ್ಯೆಯನ್ನು ಹಸನಾಗಿಡಲು ಇದಕ್ಕಿಂತ ಒಳ್ಳೆಯ ಕ್ರಮ ನಮಗೆ ತೋಚಲಿಲ್ಲ. ಹೊಸ ತೀರ್ಪು ಓದುವುದು ವಾಚನಾ. ತಿಳಿಯದ್ದನ್ನು ತನಗಿಂತ ಕಿರಿಯರನ್ನಾದರೂ ಸಂಕೋಚವಿಲ್ಲದೆ ಕೇಳುವುದು ಪೃಚ್ಛನಾ. ಇದು ನನ್ನ ಕೈಯಲ್ಲಿರುವ ಯಾವ ದಾವೆಗೆ ತಟ್ಟುತ್ತದೆ ಎಂದು ಯೋಚಿಸುವುದು ಅನುಪ್ರೇಕ್ಷಾ. ಕಲಮು, ವಾಯಿದೆಗಳನ್ನು ಮತ್ತೆ ಮತ್ತೆ ಮೆಲುಕು ಹಾಕುವುದು ಆಮ್ನಾಯ. ಕಲಿತದ್ದನ್ನು ಕಿರಿಯ ವಕೀಲರಿಗೆ ಹೇಳಿಕೊಡುವುದು ಕೊನೆಯದು. ಬರೀ ತಾಸು ಎಣಿಸುವ ಕಟ್ಟಳೆಯಲ್ಲಿ ಮೊದಲನೆಯದು ಮಾತ್ರ ಇರುತ್ತದೆ, ಉಳಿದ ನಾಲ್ಕು ಬಿಟ್ಟುಹೋಗುತ್ತವೆ. ಕಟ್ಟಳೆಯೇ ಇಲ್ಲದ ಕಡೆ ಮೊದಲನೆಯದಕ್ಕೂ ಖಾತ್ರಿ ಇಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಬಾರ್ ಕೌನ್ಸಿಲಿನವರು ವರ್ಷಕ್ಕೆ ಹತ್ತು ತಾಸಿನಷ್ಟಾದರೂ ಪಾಠವನ್ನು ಕಡ್ಡಾಯ ಮಾಡಲಿ. ಜಿಲ್ಲೆಯ ಊರಿನಲ್ಲಿ, ರಜೆಯ ದಿನ, ಆ ಭಾಗದ ಭಾಷೆಯಲ್ಲಿ, ಕಡಿಮೆ ಖರ್ಚಿನಲ್ಲಿ ನಡೆಯಲಿ. ಕೊನೆಗೆ ಒಂದು ಸಣ್ಣ ಪರೀಕ್ಷೆಯೂ ಇರಲಿ.

ಕಾನೂನು ಬರುವವರೆಗೆ ನಾವು ಕೈಕಟ್ಟಿ ಕೂಡ್ರಬೇಕಿಲ್ಲ. ಸಮಾಜದ ಬಂಧುಗಳಲ್ಲಿ ಮೂರು ವಿನಂತಿ.

ಒಂದು, ವಕಾಲತ್ತಿಗೆ ಸಹಿ ಹಾಕುವ ಮೊದಲು ವಕೀಲ ಸಾಹೇಬರನ್ನು ಗೌರವದಿಂದಲೇ ಮೂರು ಮಾತು ಕೇಳಿರಿ: ಇದಕ್ಕೆ ಈಗ ನಡೆಯುತ್ತಿರುವ ಕಾನೂನು ಯಾವುದು? ದಾವೆಗೆ ಮೊದಲು ಮಾಡಬೇಕಾದ ನೋಟೀಸು, ಮಧ್ಯಸ್ಥಿಕೆ ಏನಾದರೂ ಇದೆಯೇ? ವಾಯಿದೆಯ ಕೊನೆಯ ತಾರೀಖು ಯಾವುದು? ಉತ್ತರಗಳನ್ನು ವಹಿಯಲ್ಲಿ ಬರೆದಿಡಿರಿ. ಚೆನ್ನಾಗಿ ಓದಿದ ವಕೀಲರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. “ನೋಡಿ ಹೇಳುತ್ತೇನೆ” ಎಂದರೆ ಅದೂ ಒಳ್ಳೆಯ ಉತ್ತರವೇ. ನೋಡದೆ ಹೇಳುವವರ ಬಗ್ಗೆ ಮಾತ್ರ ಎಚ್ಚರ ಇರಲಿ.

ಎರಡು, ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ನಮ್ಮಲ್ಲಿ ನಾಲ್ಕು ದಾನ. ಶಾಸ್ತ್ರದಾನವೆಂದರೆ ಧರ್ಮಗ್ರಂಥ ಎಂಬುದು ಸರಿಯೇ. ಆದರೂ ನಮ್ಮ ತಾಲೂಕಿನ ಬಾರ್ ಕೋಣೆಗೆ ವರ್ಷದ ಕಾನೂನು ಪತ್ರಿಕೆಯ ಚಂದಾ ಕಟ್ಟಿದರೆ ಅದರ ಪುಣ್ಯ ಬಡ ಕಕ್ಷಿದಾರನಿಗೆ ಮುಟ್ಟುತ್ತದೆ. ಬಸದಿಯ ಸಭಾಭವನ ತಿಂಗಳಲ್ಲಿ ಎಷ್ಟೋ ದಿನ ಖಾಲಿ ಇರುತ್ತದೆ. ಅಲ್ಲಿ ವರ್ಷಕ್ಕೆ ನಾಲ್ಕು ಭಾನುವಾರ ಹೊರಗಿನ ಒಬ್ಬ ತಿಳಿದವರನ್ನು ಕರೆಸಿ, ಊರಿನ ಎಲ್ಲ ವಕೀಲರಿಗೂ ಉಪನ್ಯಾಸ ಮಾಡಿಸಬಹುದು. ಚಹಾ ಫರಾಳದ ಖರ್ಚು ನಮ್ಮ ವ್ಯಾಪಾರಸ್ಥರಿಗೆ ಭಾರವಲ್ಲ. ಜೈನ ವಕೀಲರಿಗೆ ಮಾತ್ರ ಎಂದು ಬಾಗಿಲು ಹಾಕುವುದು ಬೇಡ.

ಮೂರು, ನಮ್ಮ ಮನೆಗಳಿಂದಲೇ ಈಗ ಗಂಡು ಹೆಣ್ಣು ಮಕ್ಕಳು ಎಲ್ಎಲ್.ಬಿ. ಮಾಡಿ ಕೋರ್ಟಿಗೆ ಹೋಗುತ್ತಿದ್ದಾರೆ. ಅವರಿಗೆ ಕೋಟು ಹೊಲಿಸಿ, ಬೋರ್ಡು ಬರೆಸಿ, ಪೂಜೆ ಮಾಡಿಸುತ್ತೇವೆ. ಅದರ ಜೊತೆಗೆ ಒಂದು ನೇಮವನ್ನೂ ಹೇಳಿಕೊಡೋಣ. ದಿನಕ್ಕೆ ಅರ್ಧ ತಾಸು, ಕಚೇರಿಯ ಕದ ತೆಗೆಯುವ ಮೊದಲು, ಹೊಸದೊಂದು ಓದದೆ ಆ ದಿನದ ಕೆಲಸ ಆರಂಭಿಸುವುದಿಲ್ಲ ಎಂಬ ನೇಮ. ವರ್ಷಕ್ಕೆ ಮುನ್ನೂರು ದಿನ ಹಿಡಿದರೂ 150 ತಾಸಾಯಿತು. ಅಮೆರಿಕದ ಯಾವ ರಾಜ್ಯವೂ ಇಷ್ಟು ಕೇಳುವುದಿಲ್ಲ.

ಜೈ ಜಿನೇಂದ್ರ.